ಕಂಡವರ ಸಾಕ್ಷಿ

ಯಾಸಿರನ ಕೈಯಲ್ಲಿದ್ದ ಫೋನನ್ನು ಸುಬಿಯಾ ಕಿತ್ತುಕೊಂಡಳು. ಅತ್ತ ಕಡೆ ಫುಟ್‌ಬಾಲ್ ಕ್ಲಬ್ಬಿನ ಡೆಕ್ಲನ್ ಇನ್ನೂ ಕೇಳುತ್ತಲೇ ಇದ್ದ: ಯಾವ ಮಸೀದಿ, ಎಷ್ಟು ಹೊತ್ತಿಗೆ, ಹೂ ತರಬಹುದೋ ತರಬಾರದೋ.

"ನೋ," ಎಂದಳು. "ಯು ಡೋಂಟ್ ಕಮ್. ಫುಟ್‌ಬಾಲ್ ಪೀಪಲ್, ನೋಬಡಿ ಕಮ್. ಪ್ಲೀಸ್."

ಆ ಪ್ಲೀಸ್ ಅವಳು ಬಯಸಿ ಹಾಕಿದ್ದಲ್ಲ. ಅಂಗಡಿಯ ಕೌಂಟರಿನಲ್ಲೂ ಡಾಕ್ಟರ ಬಳಿಯೂ ಆಡಿ ಆಡಿ ನಾಲಿಗೆಗೆ ಅಂಟಿದ್ದು, ಕೋಪದ ಬಾಲಕ್ಕೂ ಬಂದು ಸೇರಿಕೊಂಡಿತು. ಫೋನನ್ನು ಸೋಫಾದ ಮೇಲೆ ಒಗೆದಳು.

"ಅಮ್ಮೀ, ಹಿ ವಾಸ್ ಓನ್ಲಿ ಆಸ್ಕಿಂಗ್," ಎಂದ ಯಾಸಿರ್. ಹದಿನೇಳರ ಹುಡುಗ, ಅಪ್ಪನ ಕುರ್ತಾ ತೊಟ್ಟಿದ್ದ, ಭುಜಕ್ಕೆ ಸರಿಯಾಗಿ ಕೂತಿತ್ತು. "ದೇ ವರ್ ಹಿಸ್ ಫ್ರೆಂಡ್ಸ್."

"ಫ್ರೆಂಡ್ಸ್ ಅಂತ ಫ್ರೆಂಡ್ಸು! ಫ್ರೆಂಡ್ಸ್ ಆದೋರು ಮಂದಿ ಮುಂದ ಬೈದು ಕಳಿಸ್ತಾರೇನು?"

ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದ ನಾಗಮಣಿ ಎಲ್ಲವನ್ನೂ ಕೇಳಿಸಿಕೊಂಡರು, ಕೇಳಿಸದವರಂತೆ ಲೋಟಗಳನ್ನು ಜೋಡಿಸಿದರು. ಮೈಸೂರಿನವರು, ಮೇಲಿನ ಮಹಡಿಯ ಮನೆ. ಅವರೂ ಅವರ ಗಂಡ ತ್ಯಾಗರಾಜರೂ ಗುರುವಾರದಿಂದ ಈ ಮನೆಯಲ್ಲೇ ಇದ್ದರು. ಬೇರೆ ಯಾರು ಬರಬೇಕು? ಆಗಸ್ಟ್ ತಿಂಗಳು, ಶಾಲೆಗೆ ರಜೆ. ಡಚ್ಚರ ನಾಡಿನ ಈ ಹೂಫ್‌ಡಾರ್ಪ್‌ನ ಕನ್ನಡದ ಮನೆಗಳೆಲ್ಲ ಬೀಗ ಹಾಕಿಕೊಂಡು ಹುಬ್ಬಳ್ಳಿ, ಬೆಂಗಳೂರು, ಭಟ್ಕಳ ಸೇರಿದ್ದವು. ಅಲ್ಲಿಂದಲೇ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಬಂದು ಬೀಳುತ್ತಿದ್ದವು.

ಗುರುವಾರ ಬೆಳಿಗ್ಗೆ ಸುಬಿಯಾಳ ಗಂಡ ಹಮೀದ್ ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ. ಬಸ್ಸು ಬಂತು, ನಿಂತಿತು, ಇವನು ಏಳಲಿಲ್ಲ. ಬಸ್ಸು ಓಡಿಸುತ್ತಿದ್ದ ಹೆಂಗಸು ಇಳಿದು ಬಂದು ಭುಜ ಮುಟ್ಟಿದಾಗ ಪಕ್ಕಕ್ಕೆ ವಾಲಿದನಂತೆ. ಐವತ್ತೊಂದು ವಯಸ್ಸು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸೂಟ್‌ಕೇಸುಗಳು ದಾರಿ ತಪ್ಪದಂತೆ ನೋಡಿಕೊಳ್ಳುವ ಸಾಫ್ಟ್‌ವೇರಿನ ಕೆಲಸ ಅವನದು.

ಡಾಕ್ಟರು ಹೃದಯ ಎಂದರು. ಹೃದಯವೇನೋ ಸರಿ, ಆದರೆ ಅದಕ್ಕೆ ಪೆಟ್ಟು ಕೊಟ್ಟವರು ಯಾರೆಂದು ಡಾಕ್ಟರಿಗೇನು ಗೊತ್ತು ಎಂದು ಸುಬಿಯಾ ಎರಡು ದಿನದಿಂದ ಹಲ್ಲು ಕಚ್ಚಿಕೊಂಡಿದ್ದಳು. ಅವನ ಕ್ಲಬ್ಬು ಚಾಂಪಿಯನ್‌ಶಿಪ್ಪಿನ ಫೈನಲ್ ಸೋತ ದಿನದಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ. ಆ ಆಟದವರೇ ಅವನನ್ನು ಕೊಂದರು ಎಂಬುದು ಅವಳಿಗೆ ಗಟ್ಟಿಯಾಗಿತ್ತು. ಹಾಗೆ ನಂಬಿದ್ದರಿಂದ ಅಳು ಸ್ವಲ್ಪ ದೂರ ನಿಂತಿತ್ತು.

"ಚಾ ಕುಡೀರಿ ಸುಬಿಯಾ," ಎಂದರು ನಾಗಮಣಿ. "ಬರೀ ಹೊಟ್ಟೇಲಿ ಎಷ್ಟೂಂತ ಸಿಟ್ಟು ಮಾಡ್ತೀರಿ?"

ಕರೆಗಂಟೆ ಸದ್ದಾಯಿತು. ಟರ್ಕಿ ಜನರ ಮಸೀದಿಯ ಸಮಿತಿಯಿಂದ ಓರ್ಹಾನ್ ಬಂದಿದ್ದ. ದಪ್ಪ ಮೀಸೆಯ, ಮೆಲುಮಾತಿನ ಮನುಷ್ಯ. ಸತ್ತವರ ಮನೆಗೆ ಹೇಗೆ ಕಾಲಿಡಬೇಕೆಂದು ಬಲ್ಲವನು. ಶುಕ್ರವಾರ ಹಮೀದನ ಮೈ ತೊಳೆದು ಕಫನ್ ಸುತ್ತುವಾಗ ಯಾಸಿರನ ಜೊತೆ ಇದ್ದವನು ಅವನೇ. ಅವನು ಡಚ್ಚಿನಲ್ಲಿ ಹೇಳಿದ್ದನ್ನು ಯಾಸಿರ್ ಅರ್ಧ ದಖನಿ ಉರ್ದು ಅರ್ಧ ಇಂಗ್ಲಿಷಿನಲ್ಲಿ ತಾಯಿಗೆ ದಾಟಿಸಿದ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಂಗಳದಲ್ಲಿ ಸತ್ತವನಿಗಾಗಿ ಜನಾಜಾ ನಮಾಜು. ಹೆಂಗಸರು ಹಿಂದೆ ನಿಲ್ಲಬಹುದು. ಆಮೇಲೆ ಇಮಾಮರು ಜನರನ್ನು ಒಂದು ಮಾತು ಕೇಳುತ್ತಾರೆ.

"ಏನು ಕೇಳ್ತಾರ?"

"'ಈ ಮನುಷ್ಯನ್ನ ನೀವು ಹೇಗೆ ಬಲ್ಲಿರಿ?' ಅಂತ. ಥ್ರೀ ಟೈಮ್ಸ್. ಗೊತ್ತಿದ್ದವರು ಆನ್ಸರ್ ಮಾಡ್ಬೇಕು. ಇಟ್ಸ್ ಲೈಕ್, ವಿಟ್‌ನೆಸ್."

ರಾಣೆಬೆನ್ನೂರಿನ ಕಡೆ ಸುಬಿಯಾ ಇಂಥ ಪದ್ಧತಿ ಕಂಡಿರಲಿಲ್ಲ. ಅಲ್ಲಿ ಹೆಂಗಸರು ಬಾಗಿಲ ತನಕ ಅಷ್ಟೇ. ಮುಂದಿನದು ಗಂಡಸರಿಗೆ ಬಿಟ್ಟದ್ದು. ಬೆಳಿಗ್ಗೆ ಅತ್ತೆ ಅಮೀನಾ ಬಿ ಫೋನಿನಲ್ಲಿ ಅತ್ತು ಅತ್ತು ಕೊನೆಗೆ, "ಇದ್ದತ್ ಗಿದ್ದತ್, ಗಂಡ ಸತ್ತಾಕಿ ಹೊರಗ ಕಾಲಿಡಬಾರದು ಅಂತ ಮನ್ಯಾಗ ಕುಂದರಬ್ಯಾಡ ಬೇಟಿ, ಇವತ್ತೊಂದಿನ ಹೋಗು. ಅಲ್ಲಿ ಅವಗ ನಿಮ್ಮನ್ನ ಬಿಟ್ರ ಯಾರದಾರ?" ಎಂದಿದ್ದರು. ಆ ಮಾತು ಈಗ ಮತ್ತೆ ಚುಚ್ಚಿತು.

"ಗೊತ್ತಿದ್ದವರು ಯಾರೂ ಇಲ್ದಿದ್ರ?"

ಓರ್ಹಾನ್ ಎದೆಯ ಮೇಲೆ ಕೈಯಿಟ್ಟು ನಕ್ಕ. ಚಿಂತೆ ಬೇಡ, ನಮಾಜಿಗೆ ಬಂದವರೆಲ್ಲ ಉತ್ತರ ಕೊಡುತ್ತಾರೆ, ಒಳ್ಳೆಯವನೆಂದು ಬಲ್ಲೆವು ಅಂತ. ನಾವು ಎಲ್ಲರಿಗೂ ಹಾಗೆ ಹೇಳುತ್ತೇವೆ ಎಂದ.

"ಎಲ್ಲರಿಗೂನಾ?" ಎಂದಳು ಸುಬಿಯಾ.

"ಎಲ್ಲರಿಗೂ," ಎಂದ ಯಾಸಿರ್.

ಸಮಾಧಾನಕ್ಕೆಂದು ಹೇಳಿದ ಮಾತು. ಅದನ್ನು ಕೇಳಿ ಅವಳ ಮುಖ ಸಣ್ಣದಾಯಿತು.

*

ಹಮೀದ್ ಈ ಆಟಕ್ಕೆ ಹೋದದ್ದೇ ಒಂದು ತಪ್ಪಿನಿಂದ. ಏಳು ವರ್ಷದ ಹಿಂದೆ, ಲೈಬ್ರರಿಯ ಗೋಡೆಯ ಮೇಲೆ 'ಜೂನಿಯರ್ ಗೇಲಿಕ್ ಫುಟ್‌ಬಾಲ್ ಚಾಂಪಿಯನ್‌ಶಿಪ್, ಹೊಸಬರಿಗೆ ಸ್ವಾಗತ' ಎಂಬ ಚೀಟಿ ನೋಡಿದ. ಹತ್ತು ವರ್ಷದ ಯಾಸಿರ್ ಮೂರು ಹೊತ್ತೂ ಟ್ಯಾಬಿನಲ್ಲಿ ಮುಳುಗಿರುತ್ತಿದ್ದ ಕಾಲ. ಜೂನಿಯರ್ ಎಂದಮೇಲೆ ಮಕ್ಕಳದೇ ಸರಿ ಎಂದುಕೊಂಡು, ಮಗನಿಗೆ ಹೊಸ ಬೂಟು ಕೊಡಿಸಿ, ತಲೆ ಬಾಚಿ, ಭಾನುವಾರ ಮೈದಾನಕ್ಕೆ ಎಳೆದುಕೊಂಡು ಹೋದ. ಅಲ್ಲಿ ನೋಡಿದರೆ ಬೊಜ್ಜು ಬಂದ, ತಲೆ ಬೋಳಾದ, ಮಂಡಿಗೆ ಪಟ್ಟಿ ಕಟ್ಟಿದ ಗಂಡಸರು. ತಮ್ಮ ನಾಡಿನ ಈ ಆಟವನ್ನು ಇಲ್ಲಿಗೂ ತಂದ, ವಿಮಾನ ರಿಪೇರಿ ಮಾಡುವ ಐರಿಷ್ ಜನ, ಇಬ್ಬರು ಡಚ್ಚರು, ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಕಿರಣ್. ಜೂನಿಯರ್ ಎಂದರೆ ವಯಸ್ಸಲ್ಲ, ದರ್ಜೆ; ಮೇಲಿನ ದರ್ಜೆಗೆ ಏರಲಾಗದವರೆಲ್ಲ ಮುದುಕರಾಗುವ ತನಕ ಜೂನಿಯರೇ.

ಯಾಸಿರ್ ಅತ್ತುಬಿಟ್ಟ. ಹಮೀದ್ ಕ್ಷಮೆ ಕೇಳಿ ಹೊರಡಬೇಕು, ಅಷ್ಟರಲ್ಲಿ ನಾಯಕ ಡೆಕ್ಲನ್ ಓಡಿ ಬಂದು, ಹೇಗೂ ಬಂದಿದ್ದೀರಿ, ಗೋಲಿನ ಕಂಬದ ಪಕ್ಕ ನಿಲ್ಲಲು ನಮಗೊಬ್ಬ ಅಂಪೈರ್ ಇಲ್ಲ, ಅರ್ಧ ಗಂಟೆ ನಿಲ್ಲುತ್ತೀರಾ ಎಂದ. ನಿಲ್ಲುವುದು ತಾನೆ ಎಂದು ಹಮೀದ್ ನಿಂತ. ಮೈಮೇಲೆ ಬಿಳಿ ಕೋಟು ಹಾಕಿದರು, ಕಾಲ ಬಳಿ ಎರಡು ಬಾವುಟ ಇಟ್ಟರು. ಅಡ್ಡಪಟ್ಟಿಯ ಮೇಲೆ ಚೆಂಡು ಹಾರಿದರೆ ಒಂದು ಪಾಯಿಂಟು, ಬಿಳಿ ಬಾವುಟ. ಕೆಳಗೆ ಬಲೆಗೆ ಬಿದ್ದರೆ ಮೂರು, ಹಸಿರು ಬಾವುಟ. ಕಂಬದ ಆಚೆ ಹೋದರೆ ವೈಡ್. ಆಗ ಬಾವುಟವಿಲ್ಲ, ಎರಡು ಕೈಯನ್ನೂ ತಲೆಯ ಮೇಲೆ ಅಡ್ಡಡ್ಡ ಬೀಸಬೇಕು. ಒಂದು ಗೋಲಿಗೆ ಇಬ್ಬರು ಅಂಪೈರು, ಎರಡು ತಂಡದಿಂದ ಒಬ್ಬೊಬ್ಬರು. ತಮ್ಮವರ ಕಡೆ ಒಂಚೂರು ವಾಲುವುದು ಇದ್ದದ್ದೇ ಎಂದು ಎಲ್ಲರೂ ಒಪ್ಪಿಕೊಂಡೇ ಈ ಏರ್ಪಾಡು.

ಆ ಅರ್ಧ ಗಂಟೆ ಏಳು ವರ್ಷವಾಯಿತು. ಅವನು ಆಟ ಆಡಲಿಲ್ಲ, ಆಡುವ ಆಸೆಯೂ ಇರಲಿಲ್ಲ. ಕಂಬದ ಪಕ್ಕ ನಿಂತು ಮೇಲೆ ನೋಡುವುದೇ ಅವನಿಗೆ ಹಿಡಿಸಿತು. ಶನಿವಾರ ರಾತ್ರಿ ತಾನೇ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. "ಬಂದ್ರು ನೋಡು ಕಾಂಪೌಂಡರ್ ಸಾಹೇಬ್ರು," ಎಂದು ಸುಬಿಯಾ ಛೇಡಿಸುವಳು. ರಾಣೆಬೆನ್ನೂರಿನ ನಾದಿನಿಯಂತೂ ಫೋನು ಮಾಡಿದಾಗಲೆಲ್ಲ, "ಭಾಯಿ ಇನ್ನೂ ಜೂನಿಯರ್ರಾಗೇ ಅದಾನೇನು? ಪಾಸ್ ಆಗೋದು ಯಾವಾಗ?" ಎಂದು ನಗುವಳು. ಹಮೀದನೂ ನಗುತ್ತಿದ್ದ. ಒಮ್ಮೆ ಮಾತ್ರ, "ಇಡೀ ವಾರ ಸ್ಕ್ರೀನ್ ನೋಡ್ತೀನಿ, ಅದರಾಗ ಕಾಣೋದು ಯಾವುದೂ ನನ್ನ ಕಣ್ಣಿಂದಲ್ಲ. ಇಲ್ಲಿ ನಾನು ಕಂಡಿದ್ದಕ್ಕ ಬಾವುಟ ಎತ್ತಬೇಕು, ಕಾಣದಿದ್ದಕ್ಕ ಎತ್ತಂಗಿಲ್ಲ, ಅಷ್ಟೇ ಕೆಲಸ," ಎಂದಿದ್ದ. ಸುಬಿಯಾ ಆಗ ರೊಟ್ಟಿ ಬೇಯಿಸುತ್ತಿದ್ದಳು, ಹೂಂ ಎಂದಿದ್ದಳು.

ಈ ವರ್ಷದ ಸೀಸನ್ನು ಯಾರೂ ಎಣಿಸಿರದಂತೆ ನಡೆಯಿತು. ಪ್ರತಿ ವರ್ಷ ಜೂನ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿದ್ದ ತಂಡ ಈ ಸಲ ನೂರ್ಡ್‌ವೈಕ್‌ನ ಸಮುದ್ರದ ಗಾಳಿಯಲ್ಲಿ ಗೆದ್ದಿತು, ಬ್ರಸೆಲ್ಸಿನ ಮಳೆಯಲ್ಲಿ ಗೆದ್ದಿತು, ಮುಂದಿನ ಪಂದ್ಯದಲ್ಲಿ ಎದುರಾಳಿಯ ಬಸ್ಸು ಕೆಟ್ಟು ನಿಂತು ಆಡದೆಯೂ ಗೆದ್ದಿತು. ಕಿರಣನ ಕಾಲು ಬಂಗಾರವಾಗಿತ್ತು. ಒದ್ದದ್ದೆಲ್ಲ ಕಂಬಗಳ ನಡುವೆ. ಪಂದ್ಯ ಮುಗಿಸಿ ಅವನು ಹಮೀದನ ಜೊತೆಗೇ ಮನೆಗೆ ಬಂದು, "ಆಂಟಿ, ಏನ್ ಸ್ಪೆಷಲ್?" ಎಂದು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದ. ಈದ್ ಹಬ್ಬದ ದಿನ ಎರಡು ಬಟ್ಟಲು ಸುರಕುಂಬಾ ಕುಡಿದು ಸೋಫಾದ ಮೇಲೇ ನಿದ್ದೆ ಹೋಗಿದ್ದ. ಊರಿನಲ್ಲಿರುವ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ, ಇವರು ನಮ್ಮ ಅಂಪೈರು ಎಂದು ಹಮೀದನನ್ನು ಹೆಮ್ಮೆಯಿಂದ ತೋರಿಸಿದ್ದ.

ಮೊದಲ ಸಲ ಫೈನಲ್ ಸೇರಿದರು. ಹಮೀದ್ ಅವತ್ತು ಸುಬಿಯಾಳನ್ನೂ ಕರೆದ. "ಒಂದ್ ಸಲರ ಬಾ. ಏಳು ವರ್ಷ ಆತು, ನೀ ಒಂದ್ ಮ್ಯಾಚರ ನೋಡಿಲ್ಲ," ಎಂದ. ಬಟ್ಟೆ ಒಗೆಯುವುದಿದೆ, ಬಿಸಿಲು ಬಂದಿದೆ ಎಂದಳು. ಈ ದೇಶದಲ್ಲಿ ಬಿಸಿಲು ಬಂದ ದಿನ ಹೆಂಗಸರು ಬೇರೇನನ್ನೂ ನೋಡುವುದಿಲ್ಲ.

ಸಂಜೆ ಅವನು ಒಬ್ಬನೇ ಬಂದ. ಕಿರಣ್ ಜೊತೆಗಿರಲಿಲ್ಲ. ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚದೆ ನೆಲ ನೋಡುತ್ತಿದ್ದ. ಅವರ ಮನೆಮಾತು ದಖನಿ, ಆದರೆ ಜಗಳಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಬೇಕು.

"ಸೋತ್ವಿ," ಎಂದ. "ಒಂದು ಪಾಯಿಂಟಿನಾಗ."

"ಅದಕ್ಯಾಕ ಮುಖ ಹಿಂಗ ಮಾಡೀರಿ? ನೀವೇನ್ ಆಡಿದ್ರೇನು?"

ಹೇಳಿದ. ಕೊನೆಯ ನಿಮಿಷ. ಒಂದು ಪಾಯಿಂಟ್ ಬಂದಿದ್ದರೆ ಸಮ, ಇನ್ನಷ್ಟು ಹೊತ್ತು ಆಟ. ಕಿರಣ್ ಒದ್ದ. ಚೆಂಡು ಕಂಬದ ತುದಿಗಿಂತ ಮೇಲೆ ಹೋಯಿತು, ದೂರದಿಂದ ನೋಡಿದವರಿಗೆಲ್ಲ ಒಳಗೇ. ಎದುರಾಳಿ ತಂಡದ ಅಂಪೈರು ಕೂಡ ಬಗ್ಗಿ ಬಿಳಿ ಬಾವುಟಕ್ಕೆ ಕೈ ಹಾಕಿದ್ದ. ಹಮೀದ್ ನೇರ ಕೆಳಗೆ ನಿಂತಿದ್ದ. ಚೆಂಡು ಒಂದು ಗೇಣು ಆಚೆಗಿತ್ತು. ಅವನು ಎರಡು ಕೈ ಎತ್ತಿ ತಲೆಯ ಮೇಲೆ ಬೀಸಿದ.

"ಅಲ್ರೀ," ಎಂದಳು ಸುಬಿಯಾ, "ಅವರ ಮನುಷ್ಯಾನೇ ಕೊಡಾಕ ಹತ್ತಿದ್ದ ಅಂತೀರಿ. ಸುಮ್ಕಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಹಮೀದ್ ತಲೆಯೆತ್ತಿ ಅವಳನ್ನು ನೋಡಿದ. ಬೈದವರನ್ನು ನೋಡುವ ನೋಟವಲ್ಲ. ಇವಳಾದರೂ ಹೀಗೆ ಕೇಳಲಾರಳು ಎಂದುಕೊಂಡಿದ್ದವನ ನೋಟ.

"ಕಂಡಿದ್ದನ್ನ ಕಂಡಿಲ್ಲ ಅಂತ ಹೆಂಗ ಅನ್ನಲಿ?" ಎಂದ. ಬೂಟಿನ ದಾರಕ್ಕೆ ಕೈ ಹಾಕಿ, "ಅಲ್ಲೂ ಬೈದ್ರು. ಎಲ್ಲಾರ ಮುಂದ," ಎಂದ.

"ಯಾರು?"

"ಬಿಡು."

ಎರಡು ಭಾನುವಾರ ಮನೆಯಲ್ಲೇ ಇದ್ದ. ಯಾರ ಫೋನನ್ನೂ ಎತ್ತಲಿಲ್ಲ. ಎರಡನೆಯ ಭಾನುವಾರದ ನಂತರದ ಗುರುವಾರವೇ ಬಸ್ ಸ್ಟಾಪಿನ ಬೆಂಚು.

*

ಓರ್ಹಾನ್ ಹೋದ ಮೇಲೆ ಚಹಾ ಹಾಗೆಯೇ ಆರಿತು. ಸುಬಿಯಾ ಕಿಟಕಿಯ ಬಳಿ ನಿಂತಿದ್ದಳು.

"ಸಾಕ್ಷಿ ಕೊಡೋದು ಬಿಡೋದು ಅಲ್ಲಮ್ಮ, ಅದೊಂದು ಶಾಸ್ತ್ರ," ಎಂದರು ತ್ಯಾಗರಾಜರು. "ನಮ್ಮಲ್ಲೂ ಎಷ್ಟೋ ಮಂತ್ರ ಯಾರಿಗೂ ಅರ್ಥ ಆಗಲ್ಲ. ನಾವಿಬ್ಬರೂ ಇರ್ತೀವಿ. ಹೇಳಬಹುದು ಅಂದ್ರೆ ನಾನೂ ಹೇಳ್ತೀನಿ, ಒಳ್ಳೇ ಮನುಷ್ಯ ಅಂತ. ಲಿಫ್ಟಲ್ಲಿ ಸಿಕ್ಕಾಗೆಲ್ಲ ಎಷ್ಟು ಚೆನ್ನಾಗಿ ಮಾತಾಡಿಸ್ತಿದ್ರು."

ಲಿಫ್ಟಿನ ಮಾತಿಗೆ ಸುಬಿಯಾಳಿಗೆ ಅಳು ಬಂತು. ಗುರುವಾರದಿಂದ ದೂರ ನಿಂತಿದ್ದ ಅಳು ಒಮ್ಮೆಗೇ ಮೈಮೇಲೆ ಬಿತ್ತು. ನಾಗಮಣಿ ಬಂದು ತಬ್ಬಿಕೊಂಡರು.

"ಅವರು ಒಪ್ಪಂಗಿಲ್ರೀ," ಎಂದಳು ಬಿಕ್ಕುತ್ತ. "ಕಾಣದಿದ್ದಕ್ಕ ಬಾವುಟ ಎತ್ತೋದನ್ನ ಅವರು ಒಪ್ಪಂಗಿಲ್ಲ. ಕಂಡ ಕಂಡವರು ಬಂದು ಒಳ್ಳೇಂವ ಒಳ್ಳೇಂವ ಅಂದ್ರ, ಆ ಪೆಟ್ಟಿಗ್ಯಾಗ ಮಕ್ಕೊಂಡೇ ತಲಿ ಅಲ್ಲಾಡಸ್ತಾರ. ಕಂಡವರು ಬೇಕ್ರೀ. ಅವರನ್ನ ಕಂಡವರು."

"ನೀವಿದ್ದೀರಲ್ಲ?"

"ನಾ ಎಲ್ಲಿ ಕಂಡೆ? ಬಟ್ಟಿ ಒಗಿಯಾಕತ್ತಿದ್ದೆ."

ಯಾಸಿರ್ ಸೋಫಾದ ಮೇಲಿನ ಫೋನನ್ನು ಎತ್ತಿ ತಾಯಿಯ ಮುಂದೆ ಹಿಡಿದ. ಅವಳು ಡೆಕ್ಲನನ ಹೆಸರನ್ನು ದಾಟಿ ಕಿರಣನ ಹೆಸರು ಒತ್ತಿದಳು. ಇಂಗ್ಲಿಷಿನಲ್ಲಿ ಬೈಯಲು ಬರುತ್ತಿತ್ತು, ಬೇಡಲು ಬರುತ್ತಿರಲಿಲ್ಲ. ಅಲ್ಲದೆ ಎರಡು ದಿನವಾದರೂ ಕಿರಣ್ ಮುಖ ತೋರಿಸದೆ ಇದ್ದದ್ದು ಅವಳ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

"ಆಂಟೀ," ಎಂದ.

"ಎಲ್ಲಿದ್ದೀ?"

"ಕ್ಲಬ್ ಹತ್ರ. ಎಲ್ರೂ ಇಲ್ಲೇ ಇದೀವಿ. ಬೆಳಿಗ್ಗೇನೇ ಸೂಟ್ ಗೀಟ್ ಹಾಕ್ಕೊಂಡು ಬಂದ್ರು ಎಲ್ಲ. ನೀವು ಬೇಡ ಅಂದ್ರಿ ಅಂತ ಡೆಕ್ಲನ್ ಹೇಳ್ದ. ಮನೆಗೆ ಹೋಗಕ್ಕೂ ಆಗ್ದೆ ಇಲ್ಲೇ ಕೂತಿದೀವಿ."

"ಅವರನ್ನ ಬೈದೋರು ಅಲ್ಲೇ ಅದಾರೇನು?"

ಅತ್ತ ಕಡೆ ಅವನ ಹಿಂದೆ ಯಾರೋ ಕೆಮ್ಮಿದರು.

"ಆಂಟಿ, ಬೈದಿದ್ದು ಅವರ್ಯಾರೂ ಅಲ್ಲ. ನಾನು."

ಸುಬಿಯಾ ಕೂತುಬಿಟ್ಟಳು.

"'ನಮ್ಮೋರಾಗಿ ಹಿಂಗ್ ಮಾಡ್ತೀರಲ್ಲ, ನೀವು ಯಾರ ಕಡೆ' ಅಂದೆ. ಇನ್ನೂ ಏನೇನೋ ಅಂದೆ, ಹೇಳಕ್ಕಾಗಲ್ಲ ಅಂಥದ್ದು. ಇವರೆಲ್ಲ ಬಂದು ಅವರ ಬೆನ್ನು ತಟ್ಟಿದ್ರು ಆಂಟಿ, ಬ್ಯಾಡ್ ಲಕ್ ಅಂದ್ಕೊಂಡು. ನಾನೊಬ್ಬನೇ. ಕನ್ನಡದಲ್ಲಿ ಅಂದಿದ್ದು, ಬೇರೆ ಯಾರಿಗೂ ಅರ್ಥ ಆಗ್ಲಿಲ್ಲ."

"ಅವರಿಗೆ ಅರ್ಥ ಆತಲ್ಲೋ," ಎಂದಳು.

ಇಷ್ಟು ದಿನ ಆ ಕೆಂಪು ಮುಖದವರ ಮೇಲೆ ಕೂಡಿಟ್ಟ ಕೋಪಕ್ಕೆ ಈಗ ಹೋಗಲು ಜಾಗವೇ ಇಲ್ಲವಾಯಿತು. ತನ್ನ ಪಾತ್ರೆಯ ಮುಚ್ಚಳ ತೆಗೆದು ಇಣುಕುತ್ತಿದ್ದವನು. ಹಮೀದ್ 'ಬಿಡು' ಎಂದದ್ದು ಇದಕ್ಕೇ; ಹೆಸರು ಹೇಳಿದರೆ ಈ ಮನೆಯ ಬಾಗಿಲು ಇವನಿಗೆ ಮುಚ್ಚುತ್ತದೆ ಎಂದು. ಇವನು ಅಲ್ಲಿ ಕೇಳಿದ್ದನ್ನೇ ತಾನೂ ಇಲ್ಲಿ ಕೇಳಿದ್ದೆ, ಒಂದೇ ದಿನ, ಎರಡು ಗಂಟೆಯ ಅಂತರದಲ್ಲಿ ಎಂಬುದು ನೆನಪಾಗಿ ಅವಳಿಗೆ ಬೈಗುಳ ಹೊರಡಲಿಲ್ಲ.

"ಕೇಳಿಲ್ಲಿ," ಎಂದಳು. ಇಮಾಮರ ಪ್ರಶ್ನೆಯನ್ನು ಹೇಳಿದಳು. "ಎಲ್ಲಾರನ್ನೂ ಕರ್ಕೊಂಡು ಬಾ. ನಮಾಜಿಗೆ ಇನ್ನ ಹೊತ್ತಿಲ್ಲ."

"ನಾನೂ ಬರ್ಲಾ ಆಂಟಿ?"

"ಬಾ. ನಿನ್ನ ಬೈಯೋದು ಇನ್ನ ಐತಿ, ಅದು ಆಮ್ಯಾಲೆ. ಅಲ್ಲಿ ಕೇಳಿದಾಗ ಕಂಡಿದ್ದನ್ನ ಹೇಳಬೇಕು. ಸುಮ್ನ ಒಳ್ಳೇಂವ ಗಿಳ್ಳೇಂವ ಅನ್ನೋದಾದ್ರ ಬರಬ್ಯಾಡ."

*

ಮಸೀದಿಯ ಅಂಗಳದಲ್ಲಿ ಕಲ್ಲಿನ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಿದ್ದರು, ಮೇಲೊಂದು ಹಸಿರು ಬಟ್ಟೆ. ಬೆಳಗಿನ ಜಾವ ಸುರಿದ ಮಳೆಯ ನೀರು ಇಟ್ಟಿಗೆಗಳ ಸಂದಿನಲ್ಲಿ ನಿಂತಿತ್ತು. ಮಧ್ಯಾಹ್ನದ ನಮಾಜಿಗೆ ಬಂದವರೆಲ್ಲ ಹೊರಗೆ ಬಂದು ಸಾಲು ನಿಂತರು. ಹಣ್ಣಿನ ಅಂಗಡಿಯವರು, ಟ್ಯಾಕ್ಸಿಯವರು, ಕೈಯಲ್ಲಿ ಸೈಕಲ್ ಹೆಲ್ಮೆಟ್ ಹಿಡಿದ ಹುಡುಗರು. ಯಾರಿಗೂ ಹಮೀದ್ ಗೊತ್ತಿಲ್ಲ, ಆದರೂ ಊಟ ಬಿಟ್ಟು ನಿಂತಿದ್ದರು. ಮುಂದಿನ ಸಾಲಿನಲ್ಲಿ ಯಾಸಿರ್. ಅವನ ಹಿಂದೆ, ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ನಿಂತ ತ್ಯಾಗರಾಜರು.

ಹೆಂಗಸರ ಜಾಗ ಸೈಕಲ್ ಸ್ಟ್ಯಾಂಡಿನ ಬಳಿ. ಸುಬಿಯಾ ಅಲ್ಲಿಂದ ಗೇಟನ್ನೇ ನೋಡುತ್ತಿದ್ದಳು. ತಲೆಯ ಮೇಲೆ ದುಪಟ್ಟಾ ಹೊದ್ದು ನಾಗಮಣಿ ಪಕ್ಕದಲ್ಲಿದ್ದರು.

"ಬರ್ತಾರೆ ಸುಮ್ನಿರಿ," ಎಂದರು.

ನಮಾಜು ಮುಗಿದೇ ಹೋಯಿತು. ಗೇಟು ಖಾಲಿಯಿತ್ತು. ಇಮಾಮರು ಜನರ ಕಡೆ ತಿರುಗಿದರು. ಶಿಫೋಲ್ ನಿಲ್ದಾಣದ ಕಡೆ ಇಳಿಯುತ್ತಿದ್ದ ವಿಮಾನವೊಂದು ಅಂಗಳದ ಮೇಲೆ ಹಾದುಹೋಗುವ ತನಕ ಕಾದು, ಟರ್ಕಿ ಭಾಷೆಯಲ್ಲಿ ಕೇಳಿದರು. ಓರ್ಹಾನ್ ಡಚ್ಚಿನಲ್ಲಿ ಹೇಳಿದ: ಈ ಮನುಷ್ಯನನ್ನು ನೀವು ಹೇಗೆ ಬಲ್ಲಿರಿ?

ಒಳ್ಳೆಯವನೆಂದು ಬಲ್ಲೆವು, ಎಂದರು ಎಲ್ಲರೂ ಒಟ್ಟಿಗೆ. ಸೊಗಸಾದ ದನಿ, ಅದರಲ್ಲಿ ದಯೆಯಿತ್ತು. ಸುಬಿಯಾಳ ಕಣ್ಣು ತುಂಬಿತು, ಮನಸ್ಸು ತುಂಬಲಿಲ್ಲ.

ಎರಡನೆಯ ಸಲ ಕೇಳುವಾಗ ಗೇಟಿನಲ್ಲಿ ಸದ್ದಾಯಿತು. ಎರಡು ವ್ಯಾನಿನಿಂದ ಇಳಿದ ದಪ್ಪ ದಪ್ಪ ಗಂಡಸರು, ಸೂಟಿನ ಗುಂಡಿ ಹಾಕಿಕೊಳ್ಳುತ್ತ, ಟೈ ಸರಿಮಾಡಿಕೊಳ್ಳುತ್ತ ಒಳಗೆ ನುಗ್ಗಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಿಂದೆ ಒತ್ತೊತ್ತಾಗಿ ನಿಂತರು. ಕಿರಣ್ ಕೊನೆಯವನು. ಮಸೀದಿ ಎಂದಮೇಲೆ ಚಪ್ಪಲಿ ಬಿಡಬೇಕೆಂದು ಗೇಟಿನ ಬಳಿಯೇ ಶೂ ಕಳಚಿ ಬಂದಿದ್ದ. ಅಂಗಳದಲ್ಲಿ ಇಮಾಮರಿಂದ ಹಿಡಿದು ಎಲ್ಲರ ಕಾಲಲ್ಲೂ ಶೂ ಇತ್ತು. ಇವನೊಬ್ಬ ಬರೀ ಸಾಕ್ಸಿನಲ್ಲಿ ನೀರಿನ ಮೇಲೆ ನಿಂತಿದ್ದ.

ಬಲ್ಲೆವು, ಎಂದರು ಜನ ಮತ್ತೆ.

ಮೂರನೆಯ ಸಲ ಓರ್ಹಾನ್ ಡಚ್ಚಿನಲ್ಲಿ ಹೇಳುವಾಗ ಕಣ್ಣನ್ನು ಹಿಂದಿನ ಸೂಟುಗಳ ಕಡೆ ಹಾಯಿಸಿ, ಸ್ವಲ್ಪ ನಿಧಾನವಾಗಿ ಹೇಳಿದ. ಸುಬಿಯಾ ನಾಗಮಣಿಯವರ ಕೈ ಹಿಡಿದಳು. ಡೆಕ್ಲನ್ ಗಂಟಲು ಸರಿಮಾಡಿಕೊಂಡು, "ಗುಡ್ ಮ್ಯಾನ್. ಹಿ ವಾಸ್ ಎ ಗುಡ್ ಮ್ಯಾನ್," ಎಂದ. ಉಳಿದವರು ತಲೆಯಾಡಿಸಿದರು. ಪಾಪ, ಅದೂ ಎಲ್ಲರಿಗೂ ಹೇಳುವ ಮಾತೇ. ಇಮಾಮರು ದುವಾಗೆ ಕೈ ಎತ್ತಲು ಹೊರಟರು.

"ಅದು ವೈಡೇ ಅಂಕಲ್," ಎಂದ ಕಿರಣ್.

ಕೂಗಿದ್ದಲ್ಲ, ಆದರೂ ಇಡೀ ಅಂಗಳಕ್ಕೆ ಕೇಳಿಸಿತು. ಅವನು ಸಾಲುಗಳ ನಡುವೆ ಮುಂದೆ ಬಂದಿದ್ದ. ಇಮಾಮರನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿ ಮಾತಾಡಿದ.

"ಹೊರಗೇ ಹೋಗಿತ್ತು. ಕಾಲಿಂದ ಬಿಡ್ತಿದ್ದ ಹಾಗೇ ನಂಗೆ ಗೊತ್ತಾಯ್ತು, ಹೊರಗೆ ಹೋಗುತ್ತೆ ಅಂತ. ಗೊತ್ತಿದ್ದೂ ನಿಮ್ಮನ್ನ ಬೈದೆ. ಅವ್ರ ಅಂಪೈರು ಕೊಡಕ್ಕೆ ಬಂದ, ಎಲ್ರೂ ಒಳಗೆ ಅಂದ್ಕೊಂಡ್ರು. ನೀವು ಕಂಡಿದ್ದನ್ನೇ ಹೇಳಿದ್ರಿ. ಅದು ವೈಡೇ." ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತ.

ಆ ಕನ್ನಡ ಅಲ್ಲಿ ಅರ್ಥವಾದದ್ದು ನಾಲ್ಕು ಜನಕ್ಕೆ. ಪೆಟ್ಟಿಗೆಯೊಳಗಿನವನನ್ನು ಸೇರಿಸಿದರೆ ಐದು ಎಂದು ಸುಬಿಯಾಳಿಗೆ ಅನ್ನಿಸಿತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು, "ಹೌದ್ರೀ," ಎಂದಳು, ತನಗಷ್ಟೇ ಕೇಳುವಷ್ಟು ಸಣ್ಣಗೆ.

ಇಮಾಮರು ಓರ್ಹಾನನ ಕಡೆ ನೋಡಿದರು. ಓರ್ಹಾನ್ ಯಾಸಿರನ ಕಡೆ ನೋಡಿದ. ಏನಂದ ಇವನು?

ಯಾಸಿರನಿಗೆ ಎಲ್ಲವೂ ಅರ್ಥವಾಗಿತ್ತು. ಡಚ್ಚಿನಲ್ಲಿ ಚೆಂಡಿನ ಕತೆಯನ್ನು ಎಲ್ಲಿಂದ ಶುರುಮಾಡುವುದು? ಕುರ್ತಾದ ತೋಳಿನಿಂದ ಮುಖ ಒರೆಸಿಕೊಂಡು, "ನೋಡಿದ್ದಾನಂತೆ," ಎಂದಷ್ಟೇ ಹೇಳಿದ.

ಇಮಾಮರು ತಲೆ ಬಾಗಿಸಿ ಎರಡು ಕೈ ಎತ್ತಿದರು. ಯಾವುದು ಹೊರಗೆ ಹೋಯಿತು, ಯಾವುದು ಒಳಗೆ ಬಂತು ಎಂದು ಏನೊಂದೂ ತಿಳಿಯದ ಅಷ್ಟೂ ಜನ ಆಮೀನ್ ಎಂದರು.

ಪೆಟ್ಟಿಗೆ ಹೆಗಲಿಗೇರಿತು. ಹಣ್ಣಿನಂಗಡಿಯವರ ಹೆಗಲಿನಿಂದ ಡೆಕ್ಲನನ ಹೆಗಲಿಗೆ, ಅಲ್ಲಿಂದ ತ್ಯಾಗರಾಜರ ಹೆಗಲಿಗೆ ದಾಟುತ್ತ ಗೇಟಿನ ಕಡೆ ಹೊರಟಿತು. ಮುಂದಿನ ಎಡತುದಿಗೆ ಯಾಸಿರ್, ಬಲತುದಿಗೆ ಕಿರಣ್. ಗೇಟಿನ ಹೊರಗೆ ಶವದ ಗಾಡಿ ನಿಂತಿತ್ತು. ಕಿರಣ್ ತನ್ನ ಕಾಲಲ್ಲಿ ಶೂ ಇಲ್ಲವೆಂಬುದನ್ನೂ ಮರೆತು ಸಾಕ್ಸಿನಲ್ಲೇ ರಸ್ತೆಗೆ ಇಳಿದ.

ಹೆಂಗಸರು ಹಿಂದೆ ಹೊರಟರು. ಗೇಟಿನ ಬಳಿ ಗೋಡೆಗೆ ತಾಗಿ ನಿಂತ ಮಳೆನೀರಿನಲ್ಲಿ ಕಿರಣನ ಶೂ ಬಿದ್ದಿದ್ದವು, ಒಂದು ಮಗುಚಿಕೊಂಡು. ಸುಬಿಯಾ ನಿಂತಳು. ಬಗ್ಗಿ ಎರಡನ್ನೂ ಎತ್ತಿಕೊಂಡಳು, ಒಳಗಿನ ನೀರು ಚೆಲ್ಲಿದಳು. ಅವನ್ನು ದುಪಟ್ಟಾದ ಸೆರಗಿನಲ್ಲಿ ಎದೆಗೆ ಹಿಡಿದುಕೊಂಡು ಪೆಟ್ಟಿಗೆಯ ಹಿಂದೆ ನಡೆದಳು.